11 ಟನ್ ಲಂಗರು ಮತ್ತು ನಾಟೋದ ಐದನೇ ವಿಧಿ

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೇಲಿ ಒಂದು ದಪ್ಪ ಉಕ್ಕಿನ ಬಾಗಿಲಿದೆ. ಎಂಟು ವರ್ಷದ ಹಿಂದೆ ಫಿನ್‌ಲ್ಯಾಂಡಿನ ಎಸ್ಪೋ ಊರಿಗೆ ಬಂದಾಗ ಸ್ಟೋರ್ ರೂಮು ಅಂದ್ಕೊಂಡಿದ್ದೆ, ಯಾಕಂದ್ರೆ ಒಳಗೆ ಎಲ್ಲರ ಸೈಕಲ್ಲು, ಸ್ಕೀ, ಮಕ್ಕಳ ಹಳೇ ತಳ್ಳುಗಾಡಿ, ಚಳಿಗಾಲದ ಟೈರು ಎಲ್ಲ ತುಂಬಿತ್ತು. ಮೂರನೇ ಮಹಡಿ ಅಜ್ಜ ಹೇಳಿದ್ಮೇಲೆ ಗೊತ್ತಾಯ್ತು, ಅದು ಬಾಂಬ್ ಶೆಲ್ಟರ್. ಸರ್ಕಾರ ಹೇಳಿದ್ರೆ 72 ಗಂಟೆಯೊಳಗೆ ಎಲ್ಲ ಖಾಲಿ ಮಾಡಿ ಜನ ಇರೋಕೆ ರೆಡಿ ಮಾಡ್ಬೇಕು. ಫಿನ್‌ಲ್ಯಾಂಡಲ್ಲಿ ಇಂಥ ಶೆಲ್ಟರ್‌ಗಳು ಸುಮಾರು 50,500 ಇವೆ, 48 ಲಕ್ಷ ಜನಕ್ಕೆ ಜಾಗ, ಇಡೀ ದೇಶದ ಜನಸಂಖ್ಯೆನೇ 56 ಲಕ್ಷ. ದೊಡ್ಡ ಕಟ್ಟಡ ಕಟ್ಟಿದ್ರೆ ಶೆಲ್ಟರ್ ಕಟ್ಟಲೇಬೇಕು, ಕಾನೂನು. ನಮ್ಮಲ್ಲಿ ಮಳೆನೀರು ಕೊಯ್ಲು ಕಡ್ಡಾಯ ಅಂದ ಹಾಗೆ ಇಲ್ಲಿ ಇದು.

ಆ ಅಜ್ಜನ ತಾಯಿ ರಷ್ಯಾ ಗಡಿ ಕಡೆಯ ಕರೇಲಿಯಾದವರು. 1939ರ ನವೆಂಬರ್ 30ಕ್ಕೆ ಸೋವಿಯತ್ ಸೈನ್ಯ ನುಗ್ಗಿತು, 105 ದಿನ ಯುದ್ಧ ನಡೀತು, ಫಿನ್‌ಲ್ಯಾಂಡ್ ಒಂಟಿಯಾಗಿ ಹೋರಾಡಿ ದೇಶ ಉಳಿಸ್ಕೊಂಡ್ರೂ ನೆಲದ ಹತ್ತರಲ್ಲೊಂದು ಭಾಗ ಬಿಟ್ಟುಕೊಡ್ಬೇಕಾಯ್ತು, 4 ಲಕ್ಷಕ್ಕೂ ಹೆಚ್ಚು ಜನ ಮನೆ ಮಠ ದನ ಕರು ಬಿಟ್ಟು ಈ ಕಡೆ ಬಂದ್ರು. ಆವಾಗ ಬಾಯಿಮಾತಿನ ಸಹಾನುಭೂತಿ ಜಗತ್ತಿನ ಎಲ್ಲಾ ಕಡೆಯಿಂದ ಬಂತು, ಸ್ವೀಡನ್ನಿಂದ ಸ್ವಯಂಸೇವಕರೂ ಬಂದ್ರು, ಆದ್ರೆ ಯಾವ ದೇಶವೂ ತನ್ನ ಸೈನ್ಯ ಕಳಿಸ್ಲಿಲ್ಲ. ಅದಕ್ಕೇ ಇವರಿಗೆ ಒಪ್ಪಂದದ ಮೇಲೆ ಆಸೆನೂ ಇದೆ, ಅನುಮಾನನೂ ಇದೆ. ಸಾಕಷ್ಟು ದಶಕ ಯಾವ ಮಿಲಿಟರಿ ಕೂಟಕ್ಕೂ ಸೇರದೆ ರಷ್ಯಾ ಪಕ್ಕದಲ್ಲಿ ನಾಜೂಕಾಗಿ ಬದುಕಿದ್ರು. 2022ರ ಫೆಬ್ರವರಿಲಿ ಉಕ್ರೇನ್ ಮೇಲೆ ದಾಳಿ ಆಯ್ತಲ್ಲ, ಮೂರೇ ತಿಂಗಳಲ್ಲಿ ಇಲ್ಲಿನ ಸಂಸತ್ತು 188ಕ್ಕೆ 8 ಮತದಿಂದ, ಅಮೆರಿಕ ಯುರೋಪ್ ದೇಶಗಳ ಮಿಲಿಟರಿ ಕೂಟವಾದ ನಾಟೋಗೆ ಅರ್ಜಿ ಹಾಕೋಣ ಅಂದಿತು. ಟರ್ಕಿ, ಹಂಗರಿ ಒಪ್ಪಿಗೆ ಕೊಡೋದು ತಡ ಮಾಡಿ ಮಾಡಿ ಕೊನೆಗೆ 2023ರ ಏಪ್ರಿಲ್ 4ಕ್ಕೆ ಫಿನ್‌ಲ್ಯಾಂಡ್ 31ನೇ ಸದಸ್ಯ ಆಯ್ತು, ಮುಂದಿನ ವರ್ಷ ಮಾರ್ಚಲ್ಲಿ ಸ್ವೀಡನ್ 32ನೇದು. 1,340 ಕಿಲೋಮೀಟರ್ ಗಡಿ ಒಂದೇ ದಿನಕ್ಕೆ ನಾಟೋ ಗಡಿ ಆಗೋಯ್ತು.

ಊರಿಂದ ಫೋನ್ ಮಾಡಿದವರೆಲ್ಲ ಅವತ್ತು ಕೇಳಿದ್ದು ಒಂದೇ, ಇನ್ನೇನು ಭಯ ಇಲ್ಲ ಅಲ್ವಾ, ಒಬ್ಬರನ್ನ ಮುಟ್ಟಿದ್ರೆ ಎಲ್ಲರೂ ಬರ್ತಾರಂತಲ್ಲ? ನಾನೂ ಹೌದು ಅಂದಿದ್ದೆ. ಆಮೇಲೆ ನಾಟೋ ಒಪ್ಪಂದದ ಆ ಐದನೇ ವಿಧಿನ ಕೂತ್ಕೊಂಡು ಓದಿದೆ. ಒಬ್ಬರ ಮೇಲಿನ ಸಶಸ್ತ್ರ ದಾಳಿ ಎಲ್ಲರ ಮೇಲಿನ ದಾಳಿ ಅಂತ ಇರೋದು ನಿಜ. ಆದ್ರೆ ಮುಂದಿನ ಮಾತು ಯಾರೂ ಹೇಳಲ್ಲ. ಪ್ರತಿ ದೇಶ ತನಗೆ ಅಗತ್ಯ ಅನ್ನಿಸಿದ ಕ್ರಮ ತಗೊಳ್ಳತ್ತೆ ಅಂತಿದೆ, ಸೈನ್ಯ ಕಳಿಸೋದು ಅದ್ರಲ್ಲಿ ಒಂದು ದಾರಿ ಅಷ್ಟೆ. 1949ರಿಂದ ಇವತ್ತಿನವರೆಗೆ ಅದನ್ನ ಬಳಸಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿ ಆದ ಮಾರನೇ ದಿನ, ಅದೂ ಅಮೆರಿಕಕ್ಕೋಸ್ಕರ. ನಾನು ನಾಟೋ ವಿರೋಧಿ ಅಲ್ಲ, ಫಿನ್‌ಲ್ಯಾಂಡ್ ಸೇರಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ನನ್ನ ಚಿಂತೆ ಇರೋದು ಆ "ಸಶಸ್ತ್ರ ದಾಳಿ" ಅನ್ನೋ ಎರಡು ಪದದ ಬಗ್ಗೆ. ಟ್ಯಾಂಕ್ ಬಂದ್ರೆ ದಾಳಿ, ಕ್ಷಿಪಣಿ ಬಂದ್ರೆ ದಾಳಿ. ಲಂಗರು ಬಂದ್ರೆ?

2024ರ ಡಿಸೆಂಬರ್ 25. ಇಲ್ಲಿ ಕ್ರಿಸ್ಮಸ್ ದಿನ ರಸ್ತೇಲಿ ಒಂದು ನರಪಿಳ್ಳೆ ಇರಲ್ಲ, ಎಲ್ಲಾ ಬಂದ್. ಮಧ್ಯಾಹ್ನ ಫಿನ್‌ಲ್ಯಾಂಡಿಂದ ಎಸ್ಟೋನಿಯಾಗೆ ಹೋಗೋ ಎಸ್ಟ್‌ಲಿಂಕ್ 2 ಅನ್ನೋ 650 ಮೆಗಾವ್ಯಾಟ್ ಕರೆಂಟ್ ಕೇಬಲ್ ಇದ್ದಕ್ಕಿದ್ದಂತೆ ಕಟ್ ಆಯ್ತು, ಜೊತೆಗೆ ನಾಲ್ಕು ಇಂಟರ್ನೆಟ್ ಕೇಬಲ್. ಮೇಲೆ ಆ ಹೊತ್ತಿಗೆ ಹೋಗ್ತಿದ್ದದ್ದು ಈಗಲ್ ಎಸ್ ಅನ್ನೋ ಹಳೇ ಟ್ಯಾಂಕರು, ರಷ್ಯಾದ ಉಸ್ತ್-ಲುಗಾ ಬಂದರಿಂದ 35,000 ಟನ್ ಪೆಟ್ರೋಲ್ ತುಂಬ್ಕೊಂಡು ಈಜಿಪ್ಟ್ ಕಡೆ ಹೊರಟಿತ್ತು. ಧ್ವಜ ನೋಡಿದ್ರೆ ಪೆಸಿಫಿಕ್ ಸಾಗರದ ಆ ತುದೀಲಿರೋ ಕುಕ್ ಐಲ್ಯಾಂಡ್ಸ್ ಅನ್ನೋ ಪುಟ್ಟ ದ್ವೀಪಗಳದ್ದು. ಪಶ್ಚಿಮದ ದೇಶಗಳ ನಿರ್ಬಂಧ ತಪ್ಪಿಸಿ ರಷ್ಯಾ ತೈಲ ಸಾಗಿಸೋ ಇಂಥ ಹಡಗುಗಳಿಗೆ ಇಲ್ಲಿ ನೆರಳು ಪಡೆ ಅಂತಾರೆ. ಫಿನ್‌ಲ್ಯಾಂಡಿನವರು ತಡ ಮಾಡ್ಲಿಲ್ಲ, ಹಡಗನ್ನ ತಮ್ಮ ನೀರಿಗೆ ಕರೆಸಿ ಹೆಲಿಕಾಪ್ಟರಿಂದ ಇಳಿದು ವಶಕ್ಕೆ ತಗೊಂಡ್ರು. ಕೆಳಗೆ ನೋಡಿದ್ರೆ ಹತ್ತತ್ರ 90 ಕಿಲೋಮೀಟರ್ ಉದ್ದ ಸಮುದ್ರದ ತಳದಲ್ಲಿ ಉಳುಮೆ ಮಾಡಿದ ಹಾಗೆ ಗೆರೆ. ಲಂಗರು ಕಿತ್ತು ಬಿದ್ದಿತ್ತು, 11 ಟನ್ ತೂಕದ್ದು.

ಅಪ್ಪ ಮಲ್ಪೆಯಲ್ಲಿ 30 ವರ್ಷ ಬೋಟಿಗೆ ಹೋದವರು. ವಿಡಿಯೋ ಕಾಲಲ್ಲಿ ಈ ಕಥೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ಲಂಗರು ಎಳ್ಕೊಂಡು ಹೋಗ್ತಿದ್ರೆ ಬೋಟು ಹೇಳತ್ತೆ ಮಾರಾಯ, ಇಂಜಿನ್ ಸದ್ದೇ ಬೇರೆ ಆಗತ್ತೆ, ಅಂದ್ರು. ಆಮೇಲೆ ಅವರೇ, ಅದು ನಮ್ಮ ಬೋಟು, ಅಷ್ಟು ದೊಡ್ಡ ಹಡಗಲ್ಲಿ ಹೇಗೋ ನಂಗೊತ್ತಿಲ್ಲ, ನೋಡದೆ ಹೇಳ್ಬಾರ್ದು ಅಂತಲೂ ಸೇರಿಸಿದ್ರು. ಹಡಗಿನವರು ಹೇಳಿದ್ದು ಇದು ಅಪಘಾತ, ಲಂಗರಿನ ಯಂತ್ರದ ದೋಷ ಅಂತ. ಬೇಕಂತ್ಲೇ ಮಾಡಿದ್ರು ಅಂತ ಕೋರ್ಟಲ್ಲಿ ಸಾಬೀತಾಗಿಲ್ಲ, ಹಾಗಾಗಿ ನಾನೂ ಹಾಗೆ ಹೇಳಲ್ಲ. ಆದ್ರೆ ಬೇಕಂತ ಮಾಡಿದ್ದಕ್ಕೂ ಆಕಸ್ಮಿಕಕ್ಕೂ ಹೊರಗಿಂದ ವ್ಯತ್ಯಾಸ ಕಾಣೋದೇ ಇಲ್ಲ, ಮತ್ತೆ ಇದು ಮೊದಲ್ನೇದೂ ಅಲ್ಲ. 2023ರ ಅಕ್ಟೋಬರಲ್ಲಿ ಇದೇ ಫಿನ್‌ಲ್ಯಾಂಡ್ ಕೊಲ್ಲಿಯ ಬಾಲ್ಟಿಕ್ ಕನೆಕ್ಟರ್ ಗ್ಯಾಸ್ ಪೈಪು ಹರೀತು, ಅದಕ್ಕೆ ಕಾರಣ ಹಾಂಗ್‌ಕಾಂಗ್ ಧ್ವಜದ ಹಡಗಿನ ಲಂಗರು. 2024ರ ನವೆಂಬರಲ್ಲಿ ಎರಡೇ ದಿನದೊಳಗೆ ಸ್ವೀಡನ್-ಲಿಥುವೇನಿಯಾ ಕೇಬಲ್ಲು, ಫಿನ್‌ಲ್ಯಾಂಡ್-ಜರ್ಮನಿ ಕೇಬಲ್ಲು ಎರಡೂ ಹೋದ್ವು, ಆವಾಗ ಅನುಮಾನ ಬಂದಿದ್ದು ಚೀನಾದ ಯಿ ಪೆಂಗ್ 3 ಅನ್ನೋ ಹಡಗಿನ ಮೇಲೆ. ಬಾಲ್ಟಿಕ್ ಆಳ ಇಲ್ಲದ ಸಮುದ್ರ, ಫಿನ್‌ಲ್ಯಾಂಡ್ ಕೊಲ್ಲಿ ಸರಾಸರಿ 38 ಮೀಟರ್ ಅಷ್ಟೆ, ಲಂಗರು ಸಲೀಸಾಗಿ ತಳ ಮುಟ್ಟತ್ತೆ.

ಈಗ ನನಗೆ ನಿಜವಾಗ್ಲೂ ನಿದ್ದೆ ಕೆಡಿಸಿದ ವಿಷಯಕ್ಕೆ ಬರ್ತೀನಿ. 2025ರ ಅಕ್ಟೋಬರಲ್ಲಿ ಹೆಲ್ಸಿಂಕಿ ಕೋರ್ಟು ಈಗಲ್ ಎಸ್ ಕೇಸನ್ನ ವಜಾ ಮಾಡ್ತು. ತಪ್ಪಿತಸ್ಥರಲ್ಲ ಅಂತಲ್ಲ, ನಮಗೆ ಈ ಕೇಸು ನಡೆಸೋ ಅಧಿಕಾರವೇ ಇಲ್ಲ ಅಂತ. ರಿಪೇರಿ ಖರ್ಚು ಕಡಿಮೆ ಅಂದ್ರೂ 6 ಕೋಟಿ ಯೂರೋ, ಕರೆಂಟ್ ಕೇಬಲ್ ಸರಿ ಆಗೋಕೆ ಆರು ತಿಂಗಳು ಹಿಡೀತು, ಮೇಲಿಂದ ಆರೋಪಿಗಳ ವಕೀಲರ ಖರ್ಚೂ ಸರ್ಕಾರದ ತಲೆ ಮೇಲೆ. ಯಾಕೆ? ಕೇಬಲ್ ಹರಿದ ಜಾಗ ಫಿನ್‌ಲ್ಯಾಂಡಿನ ಪ್ರಾದೇಶಿಕ ಸಮುದ್ರದ ಆಚೆ ಇತ್ತು. ಅಲ್ಲಿ ಹಡಗಿನ ಸಂಚಾರಕ್ಕೆ ಸಂಬಂಧಪಟ್ಟ ಅವಘಡ ಆದ್ರೆ ವಿಚಾರಣೆ ಮಾಡೋ ಹಕ್ಕು ಧ್ವಜದ ದೇಶಕ್ಕೆ, ಅಂದ್ರೆ ಹಡಗು ನೋಂದಣಿ ಆದ ದೇಶಕ್ಕೆ, ಅಥವಾ ಆ ನಾವಿಕರ ಸ್ವಂತ ದೇಶಕ್ಕೆ ಮಾತ್ರ, 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಹಾಗೆ ಹೇಳತ್ತೆ. ಈ ಕೊಲ್ಲಿ ಎಷ್ಟು ಕಿರಿದು ಅಂದ್ರೆ ಹೆಲ್ಸಿಂಕಿಯಿಂದ ಎಸ್ಟೋನಿಯಾದ ಟಾಲಿನ್‌ಗೆ 80 ಕಿಲೋಮೀಟರ್, ಫೆರಿಲಿ ಎರಡು ಗಂಟೆ. ಎರಡೂ ದೇಶ ಪ್ರಾದೇಶಿಕ ಸಮುದ್ರಕ್ಕೆ ಕಾನೂನು ಒಪ್ಪೋ 12 ನಾಟಿಕಲ್ ಮೈಲಿ (ಸುಮಾರು 22 ಕಿಲೋಮೀಟರ್) ಪೂರ್ತಿ ತಗೊಂಡಿದ್ರೆ ಕೆಲವು ಕಡೆ ಮಧ್ಯೆ ಜಾಗವೇ ಉಳೀತಿರಲಿಲ್ಲ. ಆದ್ರೆ 1990ರ ದಶಕದಲ್ಲಿ ಎರಡೂ ದೇಶ ಒಪ್ಪಿ, ಎಲ್ಲರ ಹಡಗೂ ಆರಾಮಾಗಿ ಓಡಾಡ್ಲಿ ಅಂತ ನಡುವೆ ಒಂದು ಓಣಿ ಬಿಟ್ಟವು. ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗೋ ದಾರಿ ಅದು. ಒಳ್ಳೇ ಮನಸ್ಸಿಂದ ನೆರೆಯವರಿಗೆ ಬಿಟ್ಟ ದಾರೀಲೇ ಈಗ ಇವರ ಕೈ ಕಟ್ಟಿಹೋಗಿದೆ.

ಕೇಬಲ್ ಕಡಿಯೋದಕ್ಕೆ ಕಾನೂನೇ ಇಲ್ಲ ಅಂತಲ್ಲ. 1884ರಲ್ಲಿ, ಟೆಲಿಗ್ರಾಫ್ ಕಾಲದಲ್ಲಿ, ಪ್ಯಾರಿಸ್ಸಲ್ಲಿ ಒಂದು ಒಪ್ಪಂದ ಆಗಿತ್ತು, ಅನುಮಾನ ಬಂದ್ರೆ ಬೇರೆ ದೇಶದ ಹಡಗಿನ ಕಾಗದಪತ್ರ ಪರಿಶೀಲನೆ ಮಾಡ್ಬಹುದು ಅಂತ. 1959ರಲ್ಲಿ ನ್ಯೂಫೌಂಡ್‌ಲ್ಯಾಂಡ್ ಹತ್ರ ಕೇಬಲ್ ಕಡಿದಾಗ ಅಮೆರಿಕದ ನೌಕಾಪಡೆ ಇದೇ ಒಪ್ಪಂದ ಹಿಡ್ಕೊಂಡು ಸೋವಿಯತ್ ಮೀನುಗಾರಿಕೆ ಹಡಗು ಹತ್ತಿತ್ತು. ಅಂದ್ರೆ ತಂತಿ ಸಂದೇಶದ ಕಾಲದವರಿಗೂ ಈ ಚಿಂತೆ ಇತ್ತು, ಖಂಡಗಳ ನಡುವಿನ ಇಂಟರ್ನೆಟ್ಟು ಹೆಚ್ಚುಕಮ್ಮಿ ಎಲ್ಲಾ ಇದೇ ಕೇಬಲ್ ಮೇಲೆ ಓಡೋ ಈ ಕಾಲದಲ್ಲಿ ನಾವು ಅದನ್ನ ಮುಂದಕ್ಕೆ ಒಯ್ದಿಲ್ಲ.

ಇದನ್ನ ಓದ್ತಾ ನನಗೆ 2012 ನೆನಪಾಯ್ತು. ಕೇರಳ ಕರಾವಳಿಯಿಂದ 20 ನಾಟಿಕಲ್ ಮೈಲಿ ಆಚೆ ಎನ್ರಿಕಾ ಲೆಕ್ಸಿ ಅನ್ನೋ ಇಟಲಿ ಹಡಗಿಂದ ಗುಂಡು ಹಾರಿಸಿ ಇಬ್ಬರು ಮೀನುಗಾರರನ್ನ ಕೊಂದಿದ್ರಲ್ಲ. ಮಲ್ಪೆ ಬಂದರಲ್ಲೂ ಆವಾಗ ಅದೇ ಮಾತು, ನಮಗೂ ಹೀಗಾದ್ರೆ ಯಾರು ಕೇಳ್ತಾರೆ ಅಂತ. ಕೇಸು ಯಾರು ನಡೆಸ್ಬೇಕು ಅನ್ನೋ ಜಗಳದಲ್ಲೇ ಎಂಟು ವರ್ಷ ಹೋಗಿ, 2020ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ಇಟಲಿ ಸೈನಿಕರ ವಿಚಾರಣೆ ಭಾರತ ಮಾಡೋ ಹಾಗಿಲ್ಲ, ಪರಿಹಾರ ಮಾತ್ರ ಸಿಗತ್ತೆ ಅಂತು. 10 ಕೋಟಿ ರೂಪಾಯಿ ಕೊಟ್ಟು ಮುಗಿಸಿದ್ರು. ಕಾನೂನಿನ ಅಂಶ ಬೇರೆ ಬೇರೆ ಇರ್ಬಹುದು, ಆದ್ರೆ ದಡದಲ್ಲಿ ನಿಂತವರ ಅಸಹಾಯಕತೆ ಒಂದೇ. ಇನ್ನೊಂದು ಕಡೆಯಿಂದಲೂ ನೋಡ್ಬೇಕು. ಈಗಲ್ ಎಸ್‌ನಲ್ಲಿ ಆರೋಪ ಹೊತ್ತ ಮೂವರಲ್ಲಿ ಒಬ್ಬ ಅಧಿಕಾರಿ ಭಾರತೀಯ. ಜಗತ್ತಿನ ಹಡಗುಗಳಲ್ಲಿ ನಮ್ಮ ಹುಡುಗರು ಲಕ್ಷಗಟ್ಟಲೆ ಇದ್ದಾರೆ, ಮಾಲೀಕ ಯಾರು ಇನ್ಶೂರೆನ್ಸ್ ಯಾರದ್ದು ಅಂತ ಗೊತ್ತಾಗದ ಹಡಗು ಹತ್ತೋದೂ ಕೆಲಸ ಬೇಕು ಅನ್ನೋ ಕಾರಣಕ್ಕೆ. ಯಾವ ದೇಶ ಬೇಕಾದ್ರೂ ನಾವಿಕರನ್ನ ಹಿಡಿದು ಒಳಗೆ ಹಾಕ್ಬಹುದು ಅಂತಾದ್ರೆ ಮೊದಲು ಸಿಕ್ಕಿಬೀಳೋದು ಇವರೇ, ಮಾಲೀಕ ಅಲ್ಲ. ಧ್ವಜದ ದೇಶ ಅಥವಾ ಸ್ವಂತ ದೇಶವೇ ವಿಚಾರಣೆ ಮಾಡ್ಬೇಕು ಅನ್ನೋ ಆ ಹಳೇ ನಿಯಮ ಇರೋದೂ ನಾವಿಕರಿಗೆ ರಕ್ಷಣೆ ಸಿಗ್ಲಿ ಅಂತಲೇ. ಹಾಗಾಗಿ ನಾನು ಕೇಳೋದು ಕೇಬಲ್ಲು, ಪೈಪ್‌ಲೈನಿಗೆ ಮಾತ್ರ ಒಂದು ವಿನಾಯಿತಿ. ಹಾನಿ ಆದ ದೇಶಕ್ಕೆ ಹಡಗು ನಿಲ್ಲಿಸಿ ತನಿಖೆ ಮಾಡೋ ಹಕ್ಕು, ಮತ್ತೆ ಕೇಸು ಹಡಗಿನ ಮಾಲೀಕನ ಮೇಲೆ, ದುಡ್ಡೂ ಅವನಿಂದಲೇ.

ನಾಟೋ ಸುಮ್ನೆ ಕೂತಿಲ್ಲ. 2025ರ ಜನವರಿಲಿ ಬಾಲ್ಟಿಕ್ ಸೆಂಟ್ರಿ ಅಂತ ಕಾವಲು ಶುರು ಮಾಡ್ತು, ಯುದ್ಧನೌಕೆ, ವಿಮಾನ, ಡ್ರೋನ್ ಎಲ್ಲ ಓಡಾಡ್ತಿವೆ. ಒಳ್ಳೇದೇ. ಆದ್ರೆ ದಿನಾ ನೂರಾರು ಹಡಗು ಓಡಾಡೋ ಸಮುದ್ರದಲ್ಲಿ ಎಷ್ಟು ಅಂತ ಕಾಯೋದು, ಮತ್ತೆ ಹಿಡಿದ್ಮೇಲೆ ಕೋರ್ಟು ಬಿಡ್ಬೇಕಾಗತ್ತೆ ಅಂದ್ರೆ ಹಿಡಿದು ಏನು ಬಂತು? ಅದೇ ವರ್ಷ ಹೇಗ್ ಸಭೇಲಿ ಸದಸ್ಯ ದೇಶಗಳು 2035ರೊಳಗೆ ಜಿಡಿಪಿಯ ಶೇ. 5 ರಕ್ಷಣೆಗೆ ಅಂದ್ರು, ಶೇ. 3.5 ಸೈನ್ಯಕ್ಕೆ, ಶೇ. 1.5 ಮೂಲಸೌಕರ್ಯ ಗಟ್ಟಿ ಮಾಡೋಕೆ. ಟಿವಿ ಚರ್ಚೆಯೆಲ್ಲ ಆ 3.5ರ ಸುತ್ತ, ಎಷ್ಟು ಫೈಟರ್ ಜೆಟ್, ಎಷ್ಟು ಕ್ಷಿಪಣಿ. ನನ್ನ ಪ್ರಕಾರ ಉಸಿರು ಇರೋದು ಆ 1.5ರಲ್ಲಿ. ಒಂದು ಕೇಬಲ್ ಹೋದ್ರೆ ಇನ್ನೆರಡು ಇರ್ಬೇಕು, ರಿಪೇರಿ ಹಡಗು ವಾರದೊಳಗೆ ಬರ್ಬೇಕು, ಆಸ್ಪತ್ರೆಗೆ ಜನರೇಟರ್ ಇರ್ಬೇಕು. ಎಸ್ಟ್‌ಲಿಂಕ್ ಹೋಗಿ ಆರು ವಾರಕ್ಕೆ, 2025ರ ಫೆಬ್ರವರಿಲಿ, ಎಸ್ಟೋನಿಯಾ ಲಾಟ್ವಿಯಾ ಲಿಥುವೇನಿಯಾ ಮೂರೂ ಸೋವಿಯತ್ ಕಾಲದ ಹಳೇ ವಿದ್ಯುತ್ ಜಾಲ ಬಿಟ್ಟು ಯುರೋಪಿನ ಜಾಲಕ್ಕೆ ಸೇರ್ಕೊಂಡ್ವು, ಹೆದರಿ ಮುಂದೂಡ್ಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ಕಣ್ಣಲ್ಲಿ ನೀರು ಬಂತು. ನಾಟೋ ಒಪ್ಪಂದದಲ್ಲಿ ಮೂರನೇ ವಿಧಿ ಅಂತ ಒಂದಿದೆ, ಪ್ರತಿ ದೇಶ ದಾಳಿ ತಡ್ಕೊಳ್ಳೋ ಶಕ್ತಿ ತಾನೇ ಬೆಳೆಸ್ಕೊಬೇಕು ಅಂತ. ಐದರ ಬಗ್ಗೆ ಮಾತಾಡೋರೆಲ್ಲ ಮೂರನ್ನ ಓದಿದ್ರೆ ಚೆನ್ನಾಗಿತ್ತು.

ಇದು ಯುರೋಪಿನವರ ತಲೆನೋವು ಅಂತ ಅಂದ್ಕೊಳ್ಳೋರಿಗೆ ಒಂದು ಮಾತು. 2025ರ ಸೆಪ್ಟೆಂಬರಲ್ಲಿ ಕೆಂಪು ಸಮುದ್ರದಲ್ಲಿ ಜೆಡ್ಡಾ ಹತ್ರ ಕೇಬಲ್ ಹರಿದು ಭಾರತ, ಪಾಕಿಸ್ತಾನದಲ್ಲೆಲ್ಲ ಇಂಟರ್ನೆಟ್ ನಿಧಾನ ಆಗಿತ್ತು, ಮೈಕ್ರೋಸಾಫ್ಟಿನವರ ಅಜೂರ್ ಕ್ಲೌಡ್ ಕೂಡ. ಆ ವಾರ ಬೆಂಗಳೂರಿನ ನಮ್ಮ ಟೀಮಿನ ಜೊತೆ ಮೀಟಿಂಗಲ್ಲಿ ಅರ್ಧ ಮಾತು ನುಂಗಿಹೋಗ್ತಿತ್ತು. ಭಾರತ ಯಾವ ಮಿಲಿಟರಿ ಕೂಟದಲ್ಲೂ ಇಲ್ಲ, ನಮಗೆ ಐದನೇ ವಿಧಿನೂ ಇಲ್ಲ. ಬೆಂಗಳೂರಿನ ಐಟಿ ಬದುಕು ಮುಂಬೈ, ಚೆನ್ನೈ ದಡಕ್ಕೆ ಬಂದು ಏರೋ ಕೆಲವೇ ಕೆಲವು ಕೇಬಲ್ ಮೇಲೆ ನಿಂತಿದೆ, ಅವು ಹಾದುಬರೋ ಸಮುದ್ರದಲ್ಲಿ ಯಾರ ಕಾವಲು, ಹರಿದ್ರೆ ಜೋಡಿಸೋ ಹಡಗು ಯಾವ ದೇಶದ್ದು, ಇದನ್ನ ನಮ್ಮ ಎಂಪಿಗಳಲ್ಲಿ ಒಬ್ಬರಾದ್ರೂ ಸಂಸತ್ತಲ್ಲಿ ಪಟ್ಟು ಹಿಡಿದು ಕೇಳ್ಬೇಕು ಅಂತ ನನ್ನ ಆಸೆ.

ಹೋದ ಸಲ ನಮ್ಮ ಬಿಲ್ಡಿಂಗಲ್ಲಿ ತಾಲ್ಕೋತ್ ಇತ್ತು, ಅಂದ್ರೆ ಎಲ್ಲರೂ ಸೇರಿ ಶ್ರಮದಾನ ಮಾಡೋ ದಿನ. ಎಲೆ ಗುಡಿಸಿದ್ಮೇಲೆ ಅಜ್ಜ ನನ್ನನ್ನ ನೆಲಮಾಳಿಗೆಗೆ ಕರ್ಕೊಂಡು ಹೋದ್ರು. ಸೈಕಲ್ಲುಗಳನ್ನ ಒಂದು ಕಡೆ ಸರಿಸಿ, ಆ ಉಕ್ಕಿನ ಬಾಗಿಲಿನ ಸುತ್ತ ಇರೋ ರಬ್ಬರ್ ಪಟ್ಟಿ ಎಲ್ಲಾದ್ರೂ ಬಿರುಕು ಬಿಟ್ಟಿದ್ಯಾ ಅಂತ ಬೆರಳಲ್ಲಿ ಸವರಿ ಸವರಿ ನೋಡಿದ್ರು, ಮೇಲಿಂದ ಕೆಳಗೆ, ಆಮೇಲೆ ಕೆಳಗಿಂದ ಮೇಲೆ. ಟಾರ್ಚ್ ಹಿಡ್ಕೊಂಡಿದ್ದು ನಾನು. ಒಂದು ಮೂಲೇಲಿ ಪಟ್ಟಿ ಸಡಿಲ ಆಗಿತ್ತು, ಅದನ್ನ ಸೊಸೈಟಿ ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಸಲ ನೀನೇ ನೋಡು ಅಂತ ಕೀ ನನ್ನ ಕೈಗೆ ಕೊಟ್ರು.