ಉಳಿದದ್ದು ಭಾಗ ಎರಡರಲ್ಲಿ

ಹೋದ ತಿಂಗಳು ಬೀಳಗಿ ಕಡೆಯಿಂದ ನಮ್ಮ ಕಾಕಾ ಬಾಗಲಕೋಟೆಗೆ ಬಂದಿದ್ದರು. ನವನಗರದಲ್ಲಿ ಕೆಲಸ ಮುಗಿದಿತ್ತು, ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ನೆ ಕೂರೋದ್ಯಾಕೆ ಅಂತ ಸಿನಿಮಾಕ್ಕೆ ಕರೆದುಕೊಂಡು ಹೋದೆ.

ಸಿನಿಮಾ ಜೋರಾಗಿತ್ತು. ಹೀರೊ ನಡೆದರೆ ಧೂಳು, ನಿಂತರೆ ಮಳೆ, ತಿರುಗಿ ನೋಡಿದರೆ ಕಿವಿ ತೂತಾಗುವ ಸಂಗೀತ. ನನ್ನ ಕುರ್ಚಿ ಅಲುಗುತ್ತಿದ್ದದ್ದು ಆ ಸದ್ದಿಗೋ ಬೋಲ್ಟ್ ಸಡಿಲಾಗಿದ್ದಕ್ಕೋ ತಿಳಿಯಲಿಲ್ಲ. ಎರಡೂ ಮುಕ್ಕಾಲು ತಾಸು ಹೀಗೇ ನಡೆದ ಮೇಲೆ ವಿಲನ್ ಎದುರಿಗೆ ಬಂದ. ಹೀರೊ ಮಚ್ಚು ಎತ್ತಿದ. ಪರದೆ ಕಪ್ಪಾಯಿತು. ಲೈಟ್ ಹಾಕಿದರು.

ಜನ ಎದ್ದರು. ಕಾಕಾ ಏಳಲಿಲ್ಲ.

“ಯಾಕೋ ತಮ್ಮಾ, ಮಷೀನ್ ಕೆಟ್ಟತೇನು?”

“ಇಲ್ಲ ಕಾಕಾ, ಮುಗೀತು. ಉಳಿದದ್ದು ಭಾಗ ಎರಡರಾಗ ಐತಂತ.”

“ಎಲ್ಲಿ ಮುಗೀತು? ಎತ್ತಿದ ಮಚ್ಚು ಇನ್ನಾ ಇಳದೇ ಇಲ್ಲ!”

ಬಾಗಿಲಲ್ಲಿ ಗೇಟ್‌ಕೀಪರನನ್ನೇ ಹಿಡಿದರು. ಅವನು ನಕ್ಕು, “ಎರಡ್ಮೂರು ವರ್ಷ ತಡೀರಿ ಯಜಮಾನ್ರ, ಬರ್ತೈತಿ” ಅಂದ. “ನನಗ ಎಪ್ಪತ್ತೆಂಟು ನಡದಾವು. ಅರ್ಧಾ ಕಥಿ ತೋರಿಸೀರಿ, ಅರ್ಧಾ ರೊಕ್ಕ ವಾಪಸ್ ಕೊಡು” ಅಂದರು ಕಾಕಾ. ಹಿಂದಿದ್ದ ಕಾಲೇಜು ಹುಡುಗರು ಸೀಟಿ ಹೊಡೆದರು. ಸಿನಿಮಾದ ಯಾವ ಡೈಲಾಗಿಗೂ ಅಷ್ಟು ಸೀಟಿ ಬಿದ್ದಿರಲಿಲ್ಲ.

ಈ ರೋಗ ಹಬ್ಬಿದ್ದು ಬಾಹುಬಲಿಯಿಂದ ಅಂತ ನನ್ನ ಅಂದಾಜು. ಕಟ್ಟಪ್ಪ ಯಾಕೆ ಕೊಂದ ಅಂತ 2015ರಿಂದ 2017ರವರೆಗೆ ಇಡೀ ದೇಶ ತಲೆ ಕೆರೆದುಕೊಂಡಿತು. ಆಗಲಿ, ಅಲ್ಲಿ ಕಡೇಪಕ್ಷ ಕೇಳೋಕೆ ಒಂದು ಪ್ರಶ್ನೆ ಇತ್ತು. ಈಗ ಪ್ರಶ್ನೆಯೂ ಇಲ್ಲ, ಬಾಕಿ ಮಾತ್ರ. ಮೊನ್ನೆ ಮನೆಯಲ್ಲಿ ಕೂತು ‘ಪುಷ್ಪ 2’ ನೋಡಿದೆ. ಮೂರು ತಾಸು ದಾಟಿದರೂ ನಡೆದೇ ಇತ್ತು. ಇಷ್ಟಾದ ಮೇಲಾದರೂ ಮುಗಿಯಿತಲ್ಲ ಅಂತ ಎದ್ದರೆ, ಮೂರನೇದರ ಹೆಸರು ಪರದೆ ಮೇಲೆ ಬಂತು. ಕಂತಿನಲ್ಲಿ ಫ್ರಿಜ್ ಕೊಂಡರೂ ಎಷ್ಟು ಕಂತು ಅಂತ ಮೊದಲೇ ಹೇಳುತ್ತಾರೆ.

ಇನ್ನು ಎಣಿಕೆ. 2022ರಲ್ಲಿ ‘ಕಾಂತಾರ’ ಬಂತು. ಮೂರು ವರ್ಷ ಬಿಟ್ಟು 2025ರಲ್ಲಿ ಬಂದದ್ದರ ಹೆಸರು ‘ಚಾಪ್ಟರ್ 1’. ಕಥೆ ಹಿಂದಿನ ಕಾಲದ್ದು, ಹಾಗಾಗಿ ಲೆಕ್ಕ ಸರಿಯಂತೆ. ಸಿನಿಮಾ ನನಗೇನೋ ಹಿಡಿಸಿತು. ಆದರೆ ಹಿಂಗೇ ಎರಡಾದ ಮೇಲೆ ಒಂದು ಎಣಿಸಿದ್ದಕ್ಕೆ ನಮ್ಮ ಗಣಿತದ ಮಾಸ್ತರು ನನ್ನನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. ನನ್ನದು ಪ್ರೀಕ್ವೆಲ್ ಅಂತ ಹೇಳಲು ಆಗ ಪದ ಗೊತ್ತಿರಲಿಲ್ಲ.

ಮರ್ಯಾದಸ್ಥರೂ ಇದ್ದಾರೆ, ಇಲ್ಲ ಅನ್ನೋದಿಲ್ಲ. ‘ಸಪ್ತ ಸಾಗರದಾಚೆ ಎಲ್ಲೋ’ 2023ರ ಸೆಪ್ಟೆಂಬರಿನಲ್ಲಿ ಸೈಡ್ ಎ ಅಂತ ಬಂತು, ನವೆಂಬರಿನಲ್ಲಿ ಸೈಡ್ ಬಿ. ಎರಡೂವರೆ ತಿಂಗಳಲ್ಲಿ ಬಾಕಿ ಚುಕ್ತಾ. ಸಾಲಗಾರ ಅಂದ್ರೆ ಹಿಂಗಿರಬೇಕು.

ನನ್ನ ಹೆಂಡತಿ ಇಳಕಲ್ ಕಡೆಯವಳು. ಅಲ್ಲಿನ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಮಗ್ಗದ ಮೇಲೇ ಎರಡನ್ನೂ ಕೂಡಿಸುತ್ತಾರೆ. “ನಮ್ಮ ನೇಕಾರ್ರು ಬರೀ ಮೈ ನೇದು ಕೊಟ್ಟು, ಸೆರಗು ಮುಂದಿನ ದಸರಾಕ್ಕ ಬರ್ತೈತಿ, ಅಲ್ಲೀತನಕ ಹಂಗ ಉಟಗೋರಿ ಅಂದ್ರ?” ಅಂತ ಕೇಳಿದಳು. ಉತ್ತರ ಕೊಡಲು ನಾನು ನಿರ್ಮಾಪಕನಲ್ಲ.

ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತ ನೋಡಿ. ರಾತ್ರಿ ಶುರುವಾದರೆ ಕೋಳಿ ಕೂಗುವತನಕ ಆಟ. ನಡುವೆ ಜನ ಮಲಗುತ್ತಾರೆ, ಏಳುತ್ತಾರೆ, ಚಹಾ ಕುಡಿದು ಬರುತ್ತಾರೆ. ಬೆಳಗಾಗುವುದರೊಳಗೆ ಸತ್ಯಭಾಮೆಯ ಸಿಟ್ಟು ಇಳಿದಿರುತ್ತದೆ. ‘ಸಿಟ್ಟು ಇಳಿಯೋದು ಭಾಗ ಎರಡರಲ್ಲಿ’ ಅಂದಿದ್ದರೆ ಊರವರು ಹಾರ್ಮೋನಿಯಂ ಒತ್ತೆ ಇಟ್ಟುಕೊಂಡು ಮೇಳದವರನ್ನು ಕಳಿಸುತ್ತಿದ್ದರು.

ಹೀರೊ ಸಿಗರೇಟ್ ಹಚ್ಚಿದ ಕೂಡಲೇ ಪರದೆಯ ಕೆಳಗೆ ಎಚ್ಚರಿಕೆ ಬರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಸಾಲು ಹಾಕಲಿ: ‘ಈ ಚಿತ್ರದಲ್ಲಿ ಕ್ಲೈಮ್ಯಾಕ್ಸ್ ಇರುವುದಿಲ್ಲ, ಪ್ರೇಕ್ಷಕರ ಬಿಪಿಗೆ ಹಾನಿಕರ.’ ಇಂಟರ್‌ವಲ್‌ನಲ್ಲೇ ಎದ್ದು ಹೋಗಿ ಮಿರ್ಚಿ ಭಜಿ ತಿನ್ನಬಹುದು. ಅದನ್ನು ಯಾರೂ ಅರ್ಧ ಕರಿದು ಕೊಡೋದಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕಾಕಾ ಸುಮ್ಮನಿದ್ದರು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಗ ಕಾಕಾಗೆ ಮೀಸೆ ಚಿಗುರುವ ವಯಸ್ಸು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲನೇ ಹಂತ ಬಂತು, ಎರಡನೇದೂ ಬಂತು. ಹಳೇ ಬಾಗಲಕೋಟೆಗೆ ನೀರು ನುಗ್ಗಿತು, ನವನಗರ ಎದ್ದಿತು. ಈಗ ಮೂರನೇ ಹಂತದಲ್ಲಿ ಅಣೆಕಟ್ಟಿನ ನೀರಿನ ಮಟ್ಟ 519.6 ಮೀಟರಿನಿಂದ 524ಕ್ಕೆ ಏರಬೇಕು. ಕಾಕಾನ ಹೊಲ ಆ ನಡುವೆ ಇದೆ. ಅವತ್ತು ಅವರು ನವನಗರಕ್ಕೆ ಬಂದದ್ದೂ ಅದೇ ಕಾಗದಪತ್ರ ಹಿಡಿದುಕೊಂಡು.

ಬಸ್ ಬಂತು. ಕಾಕಾ ಜೇಬಿನಿಂದ ಗೇಟ್‌ಕೀಪರ್ ಹರಿದು ಕೊಟ್ಟಿದ್ದ ಅರ್ಧ ಟಿಕೆಟ್ ತೆಗೆದರು. ಅಂಗೈ ಮೇಲೆ ನೀಟಾಗಿ ತಿಕ್ಕಿ, ಹೊಲದ ಉತಾರೆ ಇದ್ದ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟರು.

“ಎರಡೂ ಒಂದ ಕಡೆ ಇರ್ಲಿ. ಮೊದಲ ಯಾವ್ದು ಬರ್ತೈತೋ ನೋಡೂಣು.”