ಗಚ್ಚಿ ಮ್ಯಾಲಿನ ಓಟಿಪಿ

ಮಿಕ್ಸರ್ ನಿನ್ನೆ ಬಂತು. ಬಂದೈತಿ ಖರೆ, ಆದ್ರ ಆ ಡಬ್ಬಿ ಕಣ್ಣಿಗೆ ಬಿದ್ರ ಸಾಕು ನನಗ ಪಿತ್ತ ನೆತ್ತಿಗೇರತೈತಿ, ಅದಕ್ಕ ಬರದಾರ ಹಗುರಾಗೂಣಂತ ಕುಂತೇನಿ.

ಸ್ಟುಟ್‌ಗಾರ್ಟಿನಿಂದ ಮೂರು ವಾರ ಸೂಟಿ ಹಾಕಿ ಧಾರವಾಡಕ್ಕ ಬಂದೇನಿ. ಬಂದ ಎರಡನೇ ದಿನಾನ ಅವ್ವ ಶೇಂಗಾ ಚಟ್ನಿ ಕುಟ್ಟಾಕ ಹೋಗಿ ಹಳೇ ಮಿಕ್ಸರಿನ್ಯಾಗಿಂದ ಹೊಗಿ ಬಂತು. ನಾನು ಭಾಳ ಗತ್ತಿನಿಂದ "ಬಿಡವ್ವಾ, ನಾ ಕೊಡಸ್ತೀನಿ, ಈಗಿಂದೀಗ ಆನ್‌ಲೈನ್‌ನ್ಯಾಗ" ಅಂದೆ. ಅಪ್ಪ "ಸುಭಾಸ ರೋಡಿಗೆ ಹೋದ್ರ ಸಾಲಾಗಿ ಅಂಗಡಿ ಅದಾವಲ್ಲೋ" ಅಂದ. ಆದ್ರ ಅವ್ವಗ ಬಾಜೂಮನಿಯವರು ತರಿಸಿದ್ದ ಮೂರು ಜಾರಿಂದ ಬೇಕಿತ್ತು, ಅದೂ ಆನ್‌ಲೈನ್‌ನ್ಯಾಗ ಎಂಟ್ನೂರು ರೂಪಾಯಿ ಕಡಿಮಿ. ನನ್ನ ಹಂತೇಕ ಜರ್ಮನ್ ಕ್ರೆಡಿಟ್ ಕಾರ್ಡ್. ಇನ್ನೇನು ಬೇಕು?

ಮೊದಲು ಫಾರ್ಮ್ ತುಂಬೂದು. ಮೊಬೈಲ್ ನಂಬರ್ ಹತ್ತ ಅಂಕಿ ಇರಬೇಕಂತ, ನಂದು ಹನ್ನೊಂದು. ಅಪ್ಪನ ನಂಬರ್ ಹಾಕಿದೆ. ಆಮ್ಯಾಲ ಕಾರ್ಡಿನ ಬಿಲ್ಲಿಂಗ್ ಅಡ್ರೆಸ್ಸು. ರಾಜ್ಯ ಆರಿಸ್ರಿ ಅಂತ ಪಟ್ಟಿ ಬಿಚ್ಚಿದ್ರ ಅದರಾಗ ಇರೂವೆಲ್ಲ ನಮ್ಮ ರಾಜ್ಯನ. ಅನಿವಾರ್ಯ, ಸ್ಟುಟ್‌ಗಾರ್ಟ್ ಊರನ್ನ ಕರ್ನಾಟಕಕ್ಕ ಸೇರಿಸಿಬಿಟ್ಟೆ, ಏಕೀಕರಣ ಅಂದ್ರ ಇದು ನೋಡ್ರಿ. ಪಿನ್ ಕೋಡ್ ಆರಂಕಿ ಬೇಕು, ಜರ್ಮನಿದು ಐದ. ಮುಂದ ಸೊನ್ನಿ ಹಚ್ಚಿದೆ, ಒಪ್ಪಲಿಲ್ಲ. ಹಿಂದ ಹಚ್ಚಿದೆ. ಅಷ್ಟೊತ್ತಿಗೆ ಹಿಂದ ನಿಂತು ನೋಡಾಕತ್ತಿದ್ದ ದೊಡ್ಡಪ್ಪ "ತಮ್ಮಾ, ಎಪ್ಪತ್ತರಿಂದ ಸುರುವಾದ್ರ ಅದು ಪಶ್ಚಿಮ ಬಂಗಾಳ ಆತಲ್ಲೋ" ಅಂದ.

ದೊಡ್ಡಪ್ಪನ ಬಗ್ಗೆ ಹೇಳಬೇಕು. ಅಂವ ಪೋಸ್ಟ್ ಆಫೀಸಿನ್ಯಾಗ ತಾರು ಕಳಸೋ, ತಗೊಳ್ಳೋ ಕೆಲಸದಾಗಿದ್ದಂವ. 1972ರಾಗ ಪಿನ್ ಕೋಡ್ ಬಂದಾಗ ಹೊಸಾ ನೌಕರಿ. 2013ರಾಗ ಸರ್ಕಾರ ತಾರು ಬಂದ್ ಮಾಡಿದಾಗ ಅಂವ ರಿಟೈರ್ ಆಗಿ ನಾಕು ವರ್ಷಾಗಿತ್ತು, ಆದ್ರೂ ಅವತ್ತು ಊಟ ಮಾಡಲಿಲ್ಲಂತ. ಯಾವ ಕಾಗದ ಕೈಗೆ ಕೊಟ್ರೂ ಮೊದಲನೇ ಅಕ್ಷರದಿಂದ ಕಡೀ ಫುಲ್‌ಸ್ಟಾಪ್ ತನಕ ಓದತಾನ. ಗೊತ್ತಿರದ ಶಬ್ದ ಬಂದ್ರ ಸ್ಪೆಲ್ಲಿಂಗ್ ಬಿಡಿಸಿ ಹೇಳತಾನ, ಡಿ ಫಾರ್ ಡೆಲ್ಲಿ ಅಂತ. ಇದನ್ನ ನಾನು ಮರತಿದ್ದೆ.

ಫಾರ್ಮ್ ಹೆಂಗೋ ದಾಟಿತು. ಈಗ ಓಟಿಪಿ. ಅದು ಬರೂದು ನನ್ನ ಜರ್ಮನ್ ಸಿಮ್ಮಿಗೆ. ನಮ್ಮ ಮನಿಯೊಳಗ ಆ ಸಿಮ್ಮಿಗೆ ರೋಮಿಂಗ್ ಸಿಗ್ನಲ್ ಹತ್ತೂದಿಲ್ಲ, ಗಚ್ಚಿ ಮ್ಯಾಲ ನೀರಿನ ಟ್ಯಾಂಕಿನ ಬಾಜೂಕ ಅಷ್ಟ ಹತ್ತತೈತಿ. ಗಚ್ಚಿ ಮ್ಯಾಲ ವೈಫೈ ಇಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷಾತು, ವಾಯರ್ ಕಿತ್ರ ಬಂದ್. ಹಿಂಗಾಗಿ ನಾನು ಕೆಳಗ, ಫೋನ್ ಮ್ಯಾಲ. ಬ್ಯಾಡಗಿ ಮೆಣಸಿನಕಾಯಿ ಒಣಗಸಾಕ ಹೆಂಗೂ ದೊಡ್ಡಪ್ಪ ಗಚ್ಚಿ ಹತ್ತಿದ್ದ, ಫೋನ್ ಅವನ ಕೈಯಾಗ ಕೊಟ್ಟೆ. ಪಾವಟಿಗಿ ಕೆಳಗ ಕುರ್ಚಿ ಹಾಕಿ ಅಪ್ಪ, ನಡುವ ಸುದ್ದಿ ಮುಟ್ಟಸಾಕ. ಟೈಮು ಐದು ನಿಮಿಷ.

ಬಟನ್ ಒತ್ತಿದೆ. ಮ್ಯಾಲ ಟಿಂಗ್ ಅಂತು.

"ಬಂತೋ ತಮ್ಮಾ!"

"ನಂಬರ್ ಹೇಳು ದೊಡ್ಡಪ್ಪಾ!"

ಚಾಳೀಸು ಹುಡುಕಾಕ ಒಂದು ನಿಮಿಷ. ಆಮ್ಯಾಲ ಸುರುವಾತು. ಮೆಸೇಜು ಜರ್ಮನ್ ಭಾಷಾದಾಗ. "ಇಹ್ರೆ ಟ್ಯಾನ್... ಮುಂದಿಂದು ಯಾವುದೋ ಬ್ಯಾರೆ ಶಬ್ದೈತಿ, ಬರಕೋ. ಎಲ್ ಫಾರ್ ಲಂಡನ್. ಎ ಫಾರ್ ಆಗ್ರಾ. ಯು ಫಾರ್... ಯು ಫಾರ್ ಉಡುಪಿ."

"ಅದು ಬ್ಯಾಡ ದೊಡ್ಡಪ್ಪಾ, ಅಂಕಿ ಅಷ್ಟ, ಅಂಕಿ!"

"ಪೂರಾ ಓದದ ಹೆಂಗ ಹೇಳೂದು, ಯಾರು ಕಳಿಸ್ಯಾರ ನೋಡಬೇಕಲ್ಲ."

ಎರಡು ನಿಮಿಷ ಉಳದಿತ್ತು. ಕಡೀಗೆ ಅಂಕಿ ಬಂತು. ದೊಡ್ಡಪ್ಪ ತಾರ್ ಆಫೀಸಿನ ದನಿ ತಗದು ಕೂಗಿದ: "ಏಳು!"

ಅಪ್ಪ ಕುರ್ಚಿಯಿಂದ ಎದ್ದ.

ಅಪ್ಪಗ ಈಗ ಅರವತ್ತೆಂಟು. ಹುಟ್ಟಿದಾಗಿಂದ ಅಣ್ಣನ ಮಾತಿಗೆ ಒಂದ ದಿನ ಎದುರಾಡಿಲ್ಲ. ಮ್ಯಾಲಿಂದ ಮತ್ತ "ಏಳು!" ಬಂತು. ಅಪ್ಪ ಕೆಳಗಿಂದ "ಎದ್ದೀನಿ ಅಣ್ಣಾ, ಏನಾತು?" ಅಂತ ಕೂಗಿದ. ದೊಡ್ಡಪ್ಪ ತಪ್ಪು ಕೇಳಿಸ್ತೇನೋ ಅಂತ ಮೊದಲಿಂದ ಹಿಡಿದ, "ಏಳು! ಏಳು!" ಅಪ್ಪ ಗಾಬರಿಯಾಗಿ ಅಣ್ಣಗ ಏನೋ ಆಗೈತಿ ಅಂತ ಪಾವಟಿಗಿ ಹತ್ತಿ ಓಡಿದ. ಅವ್ವ ನೀರಿನ ತಂಬಗಿ ಹಿಡಕೊಂಡು ಅವನ ಹಿಂದ. ಸ್ಕ್ರೀನಿನ ಮ್ಯಾಲ ಕೆಂಪ ಅಕ್ಷರ ಬಂತು, ನಿಮ್ಮ ಸಮಯ ಮುಗಿದಿದೆ.

ಎರಡನೇ ಸಲ ನಾನ ಗಚ್ಚಿ ಹತ್ತಿದೆ, ನಂಬರ್ ಬಾಯಿಪಾಠ ಮಾಡಕೋತ ಓಡಿ ಬಂದೆ, ಲ್ಯಾಪ್‌ಟಾಪ್ ಮಲಗಿತ್ತು. ಪಾಸ್‌ವರ್ಡ್ ಹೊಡಿಯೂದರಾಗ ನಂಬರ್ ಮರತೆ. ಮೂರನೇ ಸಲ ಎಲ್ಲಾ ಸರಿ ಆತು, ಅಂಕಿ ಹೊಡದೆ, ಚಕ್ರ ತಿರಗಾಕತ್ತು, ಮ್ಯಾಲ ಮತ್ತೊಂದು ಟಿಂಗ್. ದೊಡ್ಡಪ್ಪ ಅದನ್ನೂ ಸ್ಪೆಲ್ಲಿಂಗ್ ಬಿಡಿಸಿ ಓದಿದ. ಬರಕೊಂಡು ನೋಡಿದ್ರ, ವ್ಯವಹಾರ ಸಂಶಯಾಸ್ಪದ ಐತಿ ಅಂತ ಬ್ಯಾಂಕಿನವರು ಕಾರ್ಡ್ ಬ್ಲಾಕ್ ಮಾಡ್ಯಾರ. ಫೋನ್ ಮಾಡೂಣಂದ್ರ ಜರ್ಮನಿ ಮೂರೂವರಿ ತಾಸು ಹಿಂದ, ಅಲ್ಲಿನ್ನೂ ಬೆಳಗಿನ ಜಾವ.

ಯುಪಿಐ ಮಾಡಬಾರದೇನು ಅಂತೀರಿ. ಇಲ್ಲಿ ನಂದೊಂದು ಹಳೇ ಅಕೌಂಟ್ ಐತಿ, ಅದಕ್ಕ ಜೋಡಿಸಿದ್ದ ಸಿಮ್ ರಿಚಾರ್ಜ್ ಇಲ್ಲದ ಸತ್ತೈತಿ. 2023ರಾಗ ಹತ್ತು ದೇಶದ ನಂಬರ್ ಇದ್ದ ಎನ್‌ಆರ್‌ಐಗಳಿಗೂ ಯುಪಿಐ ಬಿಟ್ರು, ಅಮೆರಿಕ, ಸಿಂಗಪುರ, ಒಮಾನ್ ಎಲ್ಲಾ ಇತ್ತು, ಆ ಪಟ್ಟಿಯೊಳಗ ಜರ್ಮನಿ ಇದ್ದಿಲ್ಲ. ಹಿಂಗಾಗಿ ಧಾರವಾಡದಾಗ ಗಿರ್ಮಿಟ್ ಗಾಡಿ ಮುಂದ ಎಲ್ಲಾರೂ ಫೋನ್ ತೋರಿಸಿ ರೊಕ್ಕ ಕೊಟ್ಟು ಹೋಗ್ತಾರ, ನಾನು ಅಪ್ಪನ ಹಂತೇಕ ಇಪ್ಪತ್ತು ರೂಪಾಯಿ ಇಸಕೊಂಡು ತಿಂತೇನಿ, ಎಂಟನೇತ್ತಾ ಇದ್ದಾಗ ತಿಂದಂಗ. ಜರ್ಮನಿಯಿಂದ ಕಿಟೆಲ್ ಸಾಹೇಬ್ರು ಬಂದು 1894ರಾಗ ಅಷ್ಟು ದಪ್ಪ ಕನ್ನಡ ನಿಘಂಟು ಮಾಡಿಕೊಟ್ರು, ಅವರ ಹೆಸರಿನ ಕಾಲೇಜು ಐತಿ ಊರಾಗ. ನನ್ನ ಕಡಿಂದ ಒಂದು ಮಿಕ್ಸರ್ ಆಗಲಿಲ್ಲ.

ಅವತ್ತು ರಾತ್ರಿ ಊಟಕ್ಕ ಕುಂತಾಗ ದೊಡ್ಡಪ್ಪ ಸುಮ್ಮನ ನೆನಸಿದ. ಅಪ್ಪ ಹೊಸದಾಗಿ ಗದಗಿನ್ಯಾಗ ನೌಕರಿ ಹಿಡದಾಗ ಅಜ್ಜಿಗೆ ತಿಂಗಳಾ ಮನಿಆರ್ಡರ್ ಕಳಸತಿದ್ನಂತ. ಕೆಳಗಿನ ಸಣ್ಣ ಜಾಗದಾಗ "ಆರಾಮ ಇದ್ದೇನಿ" ಅಂತ ಒಂದ ಸಾಲು. ಪೋಸ್ಟ್‌ಮನ್ ಕಟ್ಟಿ ಮ್ಯಾಲ ಕುಂತು ನೋಟು ಎಣಿಸಿಕೊಡತಿದ್ದ, ಅಜ್ಜಿ ಹೆಬ್ಬಟ್ಟು ಒತ್ತಿ, ಅಂವಗ ಚಾ ಕೊಟ್ಟು, ಆ ಒಂದ ಸಾಲನ್ನ ಎರಡು ಸಲ ಓದಿಸಿಕೊಳ್ಳತಿದ್ಳಂತ. ಅಪ್ಪ ರೊಟ್ಟಿ ಮುರಕೋತ ತಲಿ ತಗ್ಗಿಸಿಕೊಂಡಿದ್ದ. ಅಜ್ಜಿ ಹೆಬ್ಬಟ್ಟಿಗಿದ್ದ ಕಿಮ್ಮತ್ತು ನನ್ನ ಕಾರ್ಡಿಗಿಲ್ಲಲ್ಲ ಅಂತ ನಾನೂ ಸುಮ್ಮನ ಉಂಡೆ.

ಮರುದಿನ ಅಪ್ಪ ತನ್ನ ಫೋನಿನ್ಯಾಗ, ಚಾ ಆರೂದರೊಳಗ, ಅದ ಮಿಕ್ಸರ್ ಆರ್ಡರ್ ಮಾಡಿದ. ಕ್ಯಾಶ್ ಆನ್ ಡೆಲಿವರಿ.

ನಿನ್ನೆ ಮಧ್ಯಾಹ್ನ ಹುಡುಗ ಡಬ್ಬಿ ಹೊತ್ತುಕೊಂಡು ಬಂದ. ಅಪ್ಪ ರೊಕ್ಕ ಎಣಿಸಿ ಕೊಟ್ಟ. ಹುಡುಗ ಬೆವರು ಒರಸಕೋತ "ಸರ್, ಒಂದು ಓಟಿಪಿ ಬಂದಿರತೈತಿ, ಹೇಳ್ರಿ" ಅಂದ. ಅಪ್ಪ ಕಿಸೆ ಮುಟ್ಟಿ ನೋಡಿದ, ನನ್ನ ಮಾರಿ ನೋಡಿದ. ಫೋನ್ ಇದ್ದಿಲ್ಲ. ಗಚ್ಚಿ ಮ್ಯಾಲಿಂದ, ಮೆಣಸಿನಕಾಯಿ ನಡುವಿಂದ, ದನಿ ಬಂತು:

"ಬರಕೋ ತಮ್ಮಾ... ಡಿಯರ್ ಕಸ್ಟಮರ್. ಡಿ ಫಾರ್ ಡೆಲ್ಲಿ..."