ರೊಟ್ಟಿ ಹೊರಗಿಂದ ತರಸ್ತೀರೇನ್ರಿ?

ಹೋದ ವಾರ ಸಂಬಂಧಿಕರೊಬ್ಬರು ಊಟಕ್ಕೆ ಬಂದಿದ್ದರು. ಜೋಳದ ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿ ಬಾಯಿಗಿಟ್ಟು, "ಭಾಳ ತೆಳ್ಳಗ ಆಗ್ಯಾವ್ರೀ" ಅಂದರು. "ಇಲ್ಲೇ ಹಿಂದಿನ ಓಣಿ ಅಕ್ಕಾರ ಕಡಿಂದ ತಂದದ್ದರಿ" ಅಂದೆ. ಅವರ ಕೈ ತಟ್ಟೆಯಲ್ಲೇ ನಿಂತಿತು. "ರೊಟ್ಟಿ ಹೊರಗಿಂದ ತರಸ್ತೀರೇನ್ರಿ?"

ಹೌದ್ರಿ, ತರಸ್ತೀವಿ. ನಾಲ್ಕು ವರ್ಷ ಆಯಿತು. ಹುಬ್ಬಳ್ಳಿಯ ನವನಗರದಲ್ಲಿ ಮನೆ, ಧಾರವಾಡದಲ್ಲಿ ಕೆಲಸ. ಸಂಜೆ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ ಇಳಿದು ಬರುವ ದಾರಿಯಲ್ಲೇ ಹನ್ನೆರಡು ಬಿಸಿ ರೊಟ್ಟಿ ಪೇಪರಿನಲ್ಲಿ ಸುತ್ತಿಸಿಕೊಂಡು ಬರ್ತೇನೆ. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಹುಬ್ಬಳ್ಳಿ ಪೇಟೆಯ ದುರ್ಗದ ಬೈಲಿನಿಂದ ಚುರುಮುರಿಯ ಗಿರ್ಮಿಟ್ ಕಟ್ಟಿಸಿಕೊಂಡು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಪೇಢ ಅಂತೂ ಧಾರವಾಡದಲ್ಲಿ ಯಾರೂ ಮನೆಯಲ್ಲಿ ಮಾಡಲ್ಲ, ಲೈನ್ ಬಜಾರಿಗೇ ಹೋಗ್ತಾರೆ. ಖಾರದ ಮಾಂಸದೂಟದ ಸಾವಜಿ ಖಾನಾವಳಿಗೆ ಹೋಗಿ ಬೆವರು ಒರೆಸಿಕೊಳ್ಳುತ್ತಾ ಉಂಡು ಬಂದವರು ವಾರಗಟ್ಟಲೆ ಅದನ್ನೇ ಹೇಳ್ತಾರೆ. ಖಾನಾವಳಿಯಲ್ಲಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುವವರೂ ಯಾರದೋ ಮನೆಯ ಹೆಣ್ಣುಮಕ್ಕಳೇ ಅಲ್ವಾ? ಅಲ್ಲಿ ಅದು "ಏನ್ ರುಚಿ ಐತ್ರೀ". ಅದೇ ರೊಟ್ಟಿ ನನ್ನ ಮನೆಗೆ ಬಂದರೆ, ಸೊಸೆ ಮೈಗಳ್ಳಿ.

ಹೀಗೆ ಕೇಳುವವರಲ್ಲಿ ಜಾಸ್ತಿ ಜನ ಒಂದು ದಿನವೂ ಹಿಟ್ಟಿಗೆ ಕೈ ಹಾಕಿದವರಲ್ಲ. ಜೋಳದ ಹಿಟ್ಟಿನಲ್ಲಿ ಹಿಟ್ಟನ್ನು ಜಗ್ಗುವ ಹಾಗೆ ಹಿಡಿದಿಡುವ ಗ್ಲುಟನ್ ಇರುವುದಿಲ್ಲ. ಗೋಧಿ ಹಿಟ್ಟಿನ ಹಾಗೆ ಕಲಸಿಟ್ಟು ಲಟ್ಟಿಸಿ ಮುಗಿಸಲು ಆಗಲ್ಲ. ಕುದಿಯುವ ಎಸರು ಹಾಕಬೇಕು. ಸುಡುಸುಡು ಇರುವಾಗಲೇ ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು. ಹಿಟ್ಟು ಹಳೆಯದಾಗಿದ್ದರೆ ಜಿಗಿ ಹೋಗಿರುತ್ತದೆ, ಬಡಿಯುತ್ತಿದ್ದ ಹಾಗೇ ಅಂಚು ಬಿರಿಯುತ್ತದೆ. ಎರಡೂ ಕೈಯಿಂದ ಬಡಿಯುತ್ತಾ ತಿರುಗಿಸಿ, ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಉಬ್ಬಿಸಿ ತೆಗೆಯಬೇಕು. ಇದು ಒಂದು ರೊಟ್ಟಿಯ ಕಥೆ. ನಮ್ಮ ಅತ್ತೆ ಹೊಲಕ್ಕೆ ಬುತ್ತಿ ಕಟ್ಟುವ ಕಾಲದಲ್ಲಿ ದಿನಕ್ಕೆ ಮೂವತ್ತು ಬಡಿಯುತ್ತಿದ್ದರು. ಈಗ ಬಲ ಭುಜ ಮೇಲೆ ಏಳುವುದಿಲ್ಲ, ತಲೆ ಬಾಚಲು ನನ್ನ ಮಗಳು ಬೇಕು. ಮೊದಲ ದಿನ ನಾನು ರೊಟ್ಟಿ ಕೊಂಡು ತಂದಾಗ ಅವರು ಒಂದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, "ಕೈ ಚಲೋ ಐತಿ ಆಕೀದು" ಅಂದರು. ಅಷ್ಟೇ. ಬಡಿದ ಕೈಗೆ ಗೊತ್ತು.

ಹಾಗಂತ ಹೊರಗೆ ಸಿಕ್ಕಿದ್ದೆಲ್ಲ ಚಲೋ ಅಂತಲ್ಲ. ಹೋದ ತಿಂಗಳು ಒಂದು ಹೊಸ ಹೋಟೆಲ್‌ಗೆ ಹೋಗಿದ್ದೆವು. ಗೋಡೆ ಮೇಲೆ ಎತ್ತಿನ ಬಂಡಿ ಚಿತ್ರ, ತಟ್ಟೆಯಲ್ಲಿ "ಉತ್ತರ ಕರ್ನಾಟಕ ಊಟ". ರೊಟ್ಟಿ ಹಿಡಿದು ಎಳೆದರೆ ಜಗ್ಗುತ್ತದೆ! ಜೋಳದ ರೊಟ್ಟಿ ಹರಿಯಬೇಕು, ಖಡಕ್ ಆಗಿದ್ದರೆ ಮುರಿಯಬೇಕು. ಜಗ್ಗಿತು ಅಂದರೆ ಗೋಧಿಯೋ ಮೈದಾವೋ ಸೇರಿದೆ ಅಂತಲೇ ಲೆಕ್ಕ. ಎಣ್ಣೆಗಾಯಿ ಸಿಹಿ ಬೇರೆ. ಬಿಲ್ ನೋಡಿ ನಮ್ಮ ಮನೆಯವರು ಮಾತೇ ಆಡಲಿಲ್ಲ.

ರೊಟ್ಟಿಯ ಕೆಲಸ ಕೈ ಬಿಟ್ಟ ಮೇಲೆ ನಮ್ಮ ಮನೆಯಲ್ಲಿ ಪಲ್ಯ ಸುಧಾರಿಸಿತು. ಇದನ್ನು ಜಂಬದಿಂದಲೇ ಹೇಳ್ತೇನೆ. ಮೊದಲು ರೊಟ್ಟಿ ಮುಗಿಸುವಷ್ಟರಲ್ಲಿ ಸುಸ್ತಾಗಿ ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಹಸಿ ಉಳ್ಳಾಗಡ್ಡಿ ಇಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಈಗ ಪುಂಡಿ ಪಲ್ಯ ಮಾಡಲು ಪುರುಸೊತ್ತಿದೆ. ಸೊಪ್ಪು ಕುದಿಸಿ, ಹುಳಿ ಜಾಸ್ತಿ ಇದ್ದರೆ ಆ ನೀರು ಚೆಲ್ಲಿ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಕೊನೆಗೆ ಬೆಳ್ಳುಳ್ಳಿ ಒಗ್ಗರಣೆ. ಅವತ್ತಿಗಿಂತ ಮರುದಿನ ಇನ್ನೂ ರುಚಿ. ನನ್ನ ತವರು ಹಾವೇರಿ ಕಡೆ, ವರ್ಷದ ಮೆಣಸಿನಕಾಯಿ ಬ್ಯಾಡಗಿಯಿಂದಲೇ ಬರುತ್ತದೆ. ಬಣ್ಣ ಗಾಢ, ಖಾರ ಕಡಿಮೆ. ಬೆಂಗಳೂರಿನ ಗೆಳತಿಯರು ಎಣ್ಣೆಗಾಯಿಯ ಕೆಂಪು ನೋಡಿಯೇ ನೀರಿನ ಲೋಟ ಹತ್ತಿರ ಎಳೆದುಕೊಳ್ಳುತ್ತಾರೆ, ಸುಮ್ನೆ.

ಅಕ್ಕಾರು ರವಿವಾರ ಹಂಚು ಇಡುವುದಿಲ್ಲ. "ಒಂದಿನಾರ ಬಿಡ್ರಿ ನನ್ನ ಕೈನ" ಅಂತಾರೆ. ಅವತ್ತು ಅವರ ಮನೆಯಲ್ಲಿ ಅನ್ನ ಸಾರು. ನಮ್ಮಲ್ಲೂ ಮಧ್ಯಾಹ್ನ ಚಿತ್ರಾನ್ನ, ಸಂಜೆ ದುರ್ಗದ ಬೈಲು. ಮೊನ್ನೆ ಅಲ್ಲಿ ಗಾಡಿ ಮುಂದೆ ನಿಂತು ಅತ್ತೆ ಮಿರ್ಚಿ ಭಜಿ ಮುರಿದು ಊದುತ್ತಾ ನನ್ನ ಕಿವಿಗೆ ಹತ್ತಿರ ಬಂದು, "ಅಕಿಗೂ ಒಂದು ಪ್ಲೇಟ್ ಕಟ್ಟಸು, ಮನ್ಯಾಗ ಇರ್ತಾಳ" ಅಂದರು. ಬರುವಾಗ ಹಿಂದಿನ ಓಣಿಯಲ್ಲಿ ಇಳಿದು ಕೊಟ್ಟು ಬಂದೆವು.